ಗಾಳೆಮ್ಮನ ಎಮ್ಮೆ ಯಾರ ಪಾಲಿಗೆ

ಗಾಳೆಮ್ಮ ಸಾಯುವ ಮೊದಲೇ ತನ್ನದನ್ನೆಲ್ಲ ಹಂಚಿಬಿಡುತ್ತಾಳಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಯಲಬುರ್ಗಾ ಸೀಮೆಯ ಆ ಎರೆಹೊಲದ ಊರು ಎದ್ದು ಕುಳಿತಿತು. ನಿಜಾಮರ ಆಳ್ವಿಕೆ, ಮೂವತ್ತೆಂಟನೆಯ ಇಸವಿ. ಹೊಲ, ಮನೆ ಗಂಡಸರವು. ಅವುಗಳ ಮಾತನ್ನು ಹೆಂಗಸರು ಎತ್ತುವಂತಿರಲಿಲ್ಲ. ಆದರೆ ತವರಿನಿಂದ ತಂದದ್ದು, ಬೆಣ್ಣೆ ಮಾರಿ ಮಾಡಿಸಿಕೊಂಡದ್ದು ಗಾಳೆಮ್ಮನ ಸ್ವಂತದ್ದು. ಅದಕ್ಕೆ ಕೈಹಚ್ಚುವ ಧೈರ್ಯ ತೀರಿಹೋದ ಗಂಡನಿಗೂ ಇರಲಿಲ್ಲ. ಹಂಚಿದ ಮೇಲೆ ಮುದುಕಿ ಇನ್ನೂ ಒಂಬತ್ತು ವರ್ಷ ಗಟ್ಟಿಮುಟ್ಟಾಗಿ ಬದುಕಿದಳು, ಅದು ಬೇರೆ ಮಾತು.

ಬಂಗಾರದ ಬೋರಮಾಳ ಸರ ಮಗಳು ಹುಲಗಮ್ಮನಿಗೆ ಹೋಯಿತು. ಬೆಳ್ಳಿಯ ಡಾಬು, ತಾಮ್ರದ ಹಂಡೆ ಹಿರಿಸೊಸೆ ದುರಗಮ್ಮನಿಗೆ. ಕಿರಿಸೊಸೆ ಮಾಳವ್ವನ ಕೈ ಖಾಲಿಯೇ ಉಳಿಯಿತು. ಗಂಡ ಕಾಲರಾದಲ್ಲಿ ಹೋಗಿ ಎರಡು ವರ್ಷವಾಗಿತ್ತು. ಮಡಿಲಲ್ಲಿ ಒಂದು ಹೆಣ್ಣುಕೂಸು. ಇಂಥವಳಿಗೆ ಈ ಮನೆಯಲ್ಲಿ ಇನ್ನೇನು ಕೆಲಸ, ನವಲಿಯ ತವರಿಗೆ ಹೋಗಲಿ ಎಂದು ದುರಗಮ್ಮ ಬಾಯಿಬಿಟ್ಟೇ ಹೇಳಿದ್ದಳು. ತವರಿನಲ್ಲಿ ಅಣ್ಣನ ಹೆಂಡತಿ ರೊಟ್ಟಿ ಎಣಿಸಿ ಹಾಕುವವಳು.

ಉಳಿದದ್ದು ಎಮ್ಮೆ. ಊರಿಗೆಲ್ಲ ಹೆಸರಾದ ಎಮ್ಮೆ, ಹೊತ್ತಿಗೆ ನಾಲ್ಕು ಸೇರು ಹಾಲು.

"ಯಾರು ಹಿಂಡತೀರೋ ಎಮ್ಮಿ ಅವರ್ದು. ನಾಳಿ ಮುಂಜಾನಿ ಬರ್ರಿ," ಎಂದಳು ಗಾಳೆಮ್ಮ.

ಮಾಳವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಎಮ್ಮೆ ಸಿಕ್ಕರೆ ಕುಕನೂರು ಸಂತೆಯಲ್ಲಿ ಬೆಣ್ಣೆ ಮಾರಿ ಕೂಸನ್ನು ಸಾಕಬಹುದು. ಯಾರ ಹೊಸ್ತಿಲನ್ನೂ ತುಳಿಯಬೇಕಿಲ್ಲ.

ಮುಂಜಾನೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಡುಗರಿರಲಿ, ಮುದುಕರೂ ಗೋಡೆ ಹತ್ತಿದ್ದರು. ಹುಲಗಮ್ಮ ಮೊದಲು ಕೂತಳು. ಕರು ಬಿಟ್ಟರೂ ಎಮ್ಮೆ ಒಂದು ಹನಿ ಇಳಿಸಲಿಲ್ಲ. ದುರಗಮ್ಮ ಬುಟ್ಟಿ ತುಂಬ ಹತ್ತಿಕಾಳು ತಂದಳು. ಎಮ್ಮೆ ಅಷ್ಟನ್ನೂ ತಿಂದು ಮುಗಿಸಿ, ಆಮೇಲೆ ಝಾಡಿಸಿ ಒದ್ದಿತು. ಹಾಲು ಹಿಂಡುವ ಚರಿಗೆ ಉರುಳುತ್ತ ಬೀದಿಗೆ ಹೋಯಿತು, ಜನ ಕೇಕೆ ಹಾಕಿದರು.

ಮಾಳವ್ವ ಹತ್ತಿರ ಹೋದಳು. ಎಮ್ಮೆ ಅವಳನ್ನು ಮೂಸಿ, ಬುಸ್ಸೆಂದು ಹಿಂದೆ ಸರಿದು, ಕಟ್ಟೆಯ ಮೇಲೆ ಕೂತ ಗಾಳೆಮ್ಮನ ಕಡೆಗೇ ಮೂತಿ ಚಾಚಿತು. ಮಾಳವ್ವ ಅದನ್ನು ನೋಡಿದಳು. ಹುಟ್ಟಿದಾಗಿನಿಂದ ಇದಕ್ಕೆ ಗೊತ್ತಿರುವುದು ಒಬ್ಬಳದೇ ವಾಸನೆ! ಚರಿಗೆ ಕೆಳಗಿಟ್ಟು ಓಡಿದಳು.

"ಅತ್ತಿ, ನೀವು ಉಟ್ಟ ಸೀರಿ ಕೊಡ್ರಿ! ಈಗಿಂದೀಗ ಕೊಡ್ರಿ!"

ಅತ್ತೆಯೆದುರು ಇಷ್ಟು ದಿನ ತಲೆ ಎತ್ತದವಳು ಊರ ಮುಂದೆ ಹೀಗೆ ಕೇಳಿದಾಗ ಗೋಡೆ ಹತ್ತಿದವರೂ ಕತ್ತು ಚಾಚಿದರು. ಗಾಳೆಮ್ಮ ಒಂದು ಗಳಿಗೆ ಪಿಳಿಪಿಳಿ ನೋಡಿದಳು. ಆಮೇಲೆ ಬೊಚ್ಚುಬಾಯಿ ಬಿಟ್ಟು ನಗುತ್ತ, ಸೊಸೆಯ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಇಬ್ಬರೂ ಹೊರಬಂದಾಗ ಸೀರೆಗಳು ಅದಲುಬದಲಾಗಿದ್ದವು.

"ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅಂತಿದ್ರು. ಸೀರಿನೂ ಹಂಗ ಅಂತ ಇವತ್ತ ಗೊತ್ತಾತು ನೋಡ್ರಿ!" ಗೋಡೆಯ ಮೇಲಿಂದ ಪಕೀರಪ್ಪ ಎಂಬ ಮುದುಕ ಕೂಗಿದ.

ಮಾಳವ್ವ ತುಟಿ ಕಚ್ಚಿ ಕೂತಳು. ಎಮ್ಮೆ ಸೆರಗು ಮೂಸಿತು, ಕಿವಿ ಇಳಿಬಿಟ್ಟಿತು. ಚುರ್ ಎಂದು ಮೊದಲ ಧಾರೆ ಚರಿಗೆಗೆ ಬಿತ್ತು. ಆಮೇಲೆ ಎರಡೂ ಕೈಗೆ ಬಿಡುವಿಲ್ಲ. ನೊರೆ ಅಂಚಿಗೆ ಬಂದು ನಿಂತಿತು. ಅವಳಿಗೆ ಸಂತೋಷಕ್ಕೆ ಅಳು ಬರುತ್ತಿತ್ತು, ನಗುವೂ ಬರುತ್ತಿತ್ತು.

"ಮೋಸ! ಇದು ಎಮ್ಮಿಗೆ ಮಾಡಿದ ಮೋಸ!" ದುರಗಮ್ಮ ಅರಚಿದಳು.

"ಎಮ್ಮೀದು ತಕರಾರಿಲ್ಲ, ನಿಂದೇನವ್ವಾ?" ಎಂದಳು ಗಾಳೆಮ್ಮ. "ಪೆಟ್ಟಿಗ್ಯಾಗ ಇದ್ದದ್ದನ್ನ ಎಲ್ಲಾರೂ ಕೇಳಿದ್ರಿ. ಮೈಮ್ಯಾಲಿನ ಸೀರಿ ಬಿಚ್ಚಿಕೊಡು ಅನ್ನಾಕ ಸಲಿಗಿ ಬೇಕು. ಎಮ್ಮಿ ಮಾಳವ್ವಂದು, ಮುಗೀತು."

ಮಾಳವ್ವ ಎದ್ದಳು. ತಂಬಿಗೆ ತುಂಬ ಹಾಲು ಸುರಿದು, ನೆಟ್ಟಗೆ ದುರಗಮ್ಮನ ಮುಂದೆ ಹಿಡಿದಳು.

"ತಗೋರಿ ಅಕ್ಕಾ, ಇನ್ನೂ ಬೆಚ್ಚಗ ಐತಿ. ಸಾಲದಿದ್ರ ಸಂಜಿಗೂ ಬರ್ರಿ. ನಾ ಎಲ್ಲೂ ಹೋಗೂದಿಲ್ಲ, ಇಲ್ಲೇ ಇರ್ತೀನಿ."