ಶೆಟ್ಟರ ಹೋಟೆಲಿನ ಮೇಲೆ ಬರಬೇಕಿದ್ದ ರಸ್ತೆ

ನಾನಿದ್ದದ್ದು ದಾದರಿನ ಚಾಳಿನಲ್ಲಿ, ಒಬ್ಬನೇ. ಅಡಿಗೆ ಮಾಡಿಕೊಳ್ಳುವ ಬೇಸರಕ್ಕೆ ಎರಡು ಹೊತ್ತೂ ಮಾಟುಂಗದ ರಮಾನಾಥ ಶೆಟ್ಟರ ಹೋಟೆಲಿನಲ್ಲಿ ಉಣ್ಣುತ್ತಿದ್ದೆ. ಸಾಂಬಾರಿಗೆ ಬೆಲ್ಲ ಹಾಕುವ ಅವರ ಚಟಕ್ಕೆ ನನ್ನ ವಿಜಾಪುರದ ನಾಲಿಗೆ ಕಡೆಗೂ ಒಗ್ಗಲಿಲ್ಲ. ಶೆಟ್ಟರು ಮಾತ್ರ ಒಗ್ಗಿದರು.

ಅರವತ್ತೇಳರ ಸುಮಾರಿಗೆ ಮುಂಬಯಿಗೆ ದೊಡ್ಡದೊಂದು ಯೋಜನೆ ಬಂತು. ಎಲ್ಲಿ ಶಾಲೆ, ಎಲ್ಲಿ ಗಾರ್ಡನ್, ಯಾವ ರಸ್ತೆ ಎಷ್ಟು ಅಗಲ ಎಂದು ನಕ್ಷೆಯಾಯಿತು. ಒಂದು ದಿನ ಮುನಿಸಿಪಾಲ್ಟಿಯ ಇಬ್ಬರು ಟೇಪು ಹಿಡಿದು ಹೋಟೆಲಿಗೆ ಬಂದು, ಗಲ್ಲಾ ಮತ್ತು ಮುಂದಿನ ಮೇಜುಗಳೆಲ್ಲ ರಸ್ತೆಗೆ ಹೋಗುತ್ತವೆ, ಅಡಿಗೆಮನೆ ಉಳಿಯುತ್ತದೆ ಎಂದರು. ಯಾವಾಗ ಎಂದು ಶೆಟ್ಟರು ಕೇಳಿದರು. ಯೋಜನೆಯಲ್ಲಿದೆ ಎಂದು ಹೇಳಿ, ಚಹಾ ಕುಡಿದು ಹೋದರು.

ಹೆಂಡತಿ ಶೀಲಾವತಿಯನ್ನೂ ಹಸುಗೂಸು ವಸಂತಿಯನ್ನೂ ಕಾರ್ಕಳದ ಕಡೆಯ ಹಳ್ಳಿಯಿಂದ ಕರೆತರಲು ಶೆಟ್ಟರು ಯೋಚಿಸಿದ್ದ ವರ್ಷ ಅದು. ಅಡಿಗೆಮನೆಯ ಮೇಲಿನ ಕೋಣೆಯನ್ನು ಅದಕ್ಕಾಗಿಯೇ ತೊಳೆಸಿಟ್ಟಿದ್ದರು. ರಸ್ತೆಯ ಸುದ್ದಿ ಬಂದದ್ದೇ ಕೈಬಿಟ್ಟರು. ಅಂದಿನಿಂದ ಗೋಡೆಗೆ ಸುಣ್ಣವಿಲ್ಲ, ಮುರಿದ ಹಂಚಿಗೆ ಬದಲಿಲ್ಲ. ಹೇಗೂ ಒಡೆಯುವುದಕ್ಕೆ ಯಾಕೆ ಖರ್ಚು ಎನ್ನುವರು. ರಾತ್ರಿ ಎರಡು ಮೇಜು ಜೋಡಿಸಿ ಮಲಗುವರು. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಊರಿಗೆ ಹೋಗಿ ಬರುವರು.

"ಶೆಟ್ರ, ಮೊದಲ ಅವರನ್ನ ಕರಕೊಂಡ ಬರ್ರಿ. ರಸ್ತೆ ಬಂದಾಗ ನೋಡಿದರಾತು" ಎಂದು ನಾನು ಬಯ್ಯುತ್ತಿದ್ದೆ.

"ಕರ್ಕೊಂಡು ಬಂದು ಎಂತ ಮಾಡುವುದು ಮಾರಾಯ್ರೆ? ಅರ್ಧ ಹೋಟೆಲು ಹೋದ್ರೆ ನಾನೇ ಇನ್ನೊಬ್ಬರಲ್ಲಿ ಸಪ್ಲೈಗೆ ನಿಲ್ಲಬೇಕು. ಅದೊಂದು ತೀರ್ಮಾನ ಆಗಲಿ."

ನಮ್ಮ ಕಡೆಯಾಗಿದ್ದರೆ ಹಿರಿಯರು ಹೆಣ್ಣನ್ನು ತಂದು ಗಂಡನ ಬಾಗಿಲಲ್ಲಿ ಬಿಟ್ಟೇ ಹೋಗುತ್ತಿದ್ದರು. ಶೆಟ್ಟರ ಜನರಲ್ಲಿ ಅಳಿಯಸಂತಾನ. ಮದುವೆಯಾದವಳು ತಾಯಿಮನೆಯಲ್ಲೇ ಇದ್ದು, ಮಕ್ಕಳು ಸೋದರಮಾವನ ಕೈಕೆಳಗೆ ಬೆಳೆದರೆ ಯಾರೂ ಬೆರಳು ತೋರಿಸುವುದಿಲ್ಲ. ಶೀಲಾವತಿಯ ಅಣ್ಣ ದೂಜಣ್ಣ ಒಳ್ಳೆಯ ಮನುಷ್ಯ, ತಂಗಿಗೆ ಯಾವ ಕೊರತೆಯನ್ನೂ ಮಾಡಲಿಲ್ಲ. ಹೀಗಾಗಿ ಶೆಟ್ಟರ ಕಾಯುವಿಕೆ ಯಾರಿಗೂ ಭಾರವಾಗಲಿಲ್ಲ. ಒಬ್ಬರಾದರೂ ಜಗಳ ತೆಗೆದಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಹತ್ತು ವರ್ಷಕ್ಕೊಮ್ಮೆ ಯೋಜನೆಯನ್ನು ಮತ್ತೆ ಪರಿಶೀಲಿಸುತ್ತಾರಂತೆ. ಆ ಸರದಿ ಬಂದಾಗ ತಕರಾರು ಹೇಳಿಕೊಳ್ಳಲು ಶೆಟ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುನಿಸಿಪಾಲ್ಟಿಗೆ ಹೊರಟರು. ಮರಾಠಿ ಮಾತಾಡಲು ನಾನು ಜೊತೆಗೆ. ಇಡೀ ದಿನ ಬೆಂಚಿನ ಮೇಲೆ ಕೂತು ಸೊಂಟ ಹಿಡಿದುಹೋಯಿತು. ಸಂಜೆ ಒಳಗೆ ಕರೆದ ಅಧಿಕಾರಿ ನಕ್ಷೆ ಬಿಡಿಸಿ ನೋಡಿದ. ಆ ರಸ್ತೆ ಅಗಲ ಮಾಡುವ ವಿಚಾರವನ್ನು ಕೈಬಿಡುತ್ತಿದ್ದೇವೆ, ನೀವು ನಿಶ್ಚಿಂತೆಯಿಂದಿರಿ ಎಂದ. ಮಾತು ಮೃದುವಾಗಿಯೇ ಇತ್ತು. ಬಯ್ಯಲೂ ಆಗಲಿಲ್ಲ.

ಶೆಟ್ಟರು ಮೆಟ್ಟಿಲಿಳಿಯುತ್ತಾ ನಡುವೆ ಕೂತುಬಿಟ್ಟರು. ಸಂತೋಷಕ್ಕೆ ಕೂತರೋ, ಸುಸ್ತಾಗಿ ಕೂತರೋ, ನಾನು ಕೇಳಲಿಲ್ಲ. ಮರುವಾರವೇ ಗೋಡೆಗೆ ಸುಣ್ಣ ಹೊಡೆಸಿದರು, ಮೇಲಿನ ಕೋಣೆಗೆ ಮಂಚ ತರಿಸಿದರು, ಮೇ ತಿಂಗಳಿಗೆ ಕಾಯದೆ ಬಸ್ಸು ಹತ್ತಿದರು.

ನಾಲ್ಕೇ ದಿನಕ್ಕೆ ಒಬ್ಬರೇ ಹಿಂತಿರುಗಿದರು. ಊಟದ ಗದ್ದಲ ಮುಗಿಯುವವರೆಗೂ ಗಲ್ಲಾದಲ್ಲೇ ಇದ್ದರು. ಆಮೇಲೆ ನನ್ನೆದುರು ಬಂದು ಕೂತರು.

"ಅವಳು ಬರ್ತೇನೆ ಅಂದಳು. ಮಗಳನ್ನೂ ಕೇಳಿ ಅಂದಳು. ದೂಜಣ್ಣ ಸಹ ಬೇಡ ಅನ್ನಲಿಲ್ಲ."

"ಮತ್ತ ಯಾಕ ಒಬ್ಬರ ಬಂದಿರಿ?"

"ನಾನು ಮಗಳನ್ನು ಕೇಳುವ ಅಂತ ಒಳಗೆ ಹೋದೆ. ಅವಳು ಮಾವನ ಪಕ್ಕ ಕೂತು ಪಾಠ ಓದುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ನೆಂಟರು ಬಂದಾಗ ನಿಲ್ಲುತ್ತಾರಲ್ಲ, ಹಾಗೆ. ತುಂಬ ಮರ್ಯಾದೆಯ ಹುಡುಗಿ ಮಾರಾಯ್ರೆ. 'ನೀವು ಯಾವಾಗ ಹೊರಡುವುದು?' ಅಂತ ಕೇಳಿದಳು."

"ನೀವೇನಂದಿರಿ?"

"ನಾಳೆ ಸಂಜೆಯ ಬಸ್ಸಿಗೆ ಅಂದೆ" ಎಂದರು ಶೆಟ್ಟರು. "ಟಿಕೇಟು ತೆಗೆದೇ ಇರಲಿಲ್ಲ."