ಟೇಪಕ್ಕನ ಎರಡೂವರೆ ಇಂಚು

ಮನೆಯಲ್ಲಿ ತೊಡಲೆಂದು ಹೊಲಿದುಕೊಂಡ ಉದ್ದ ಅಂಗಿ ನೆಲ ಗುಡಿಸತೊಡಗಿದಾಗ ಟೇಪಕ್ಕ ಮೊದಲು ಮಾಡಿದ ಕೆಲಸವೆಂದರೆ ಕೊರಳಲ್ಲಿದ್ದ ಟೇಪನ್ನು ತೆಗೆದು ಕಸದ ಡಬ್ಬಿಗೆ ಎಸೆದದ್ದು. ಮೂವತ್ತೊಂದು ವರ್ಷದಿಂದ ಅವರ ಅಂಗಿಯ ಅಳತೆ ಒಂದೇ. ಹೆಗಲಿನಿಂದ ಪಾದದ ಗಂಟಿನವರೆಗೆ ಐವತ್ತೆರಡು ಇಂಚು. ಅದೇ ಐವತ್ತೆರಡು ಈಗ ನೆಲಕ್ಕೆ ತಾಗುತ್ತಿದೆ ಎಂದರೆ ಟೇಪು ಹಿಗ್ಗಿದೆ ಎಂದೇ ಅರ್ಥ. ದರ್ಜಿಗೆ ಬೇರೇನು ಹೊಳೆದೀತು? ಹೊಸ ಟೇಪು ತಂದರು, ಹೊಸ ಅಂಗಿ ಹೊಲಿದರು. ಅದೂ ನೆಲ ಗುಡಿಸಿತು. ಆಮೇಲೆ ಬಟ್ಟೆಯನ್ನು ಬೈದರು, ಬಟ್ಟೆ ಮಾರಿದವನನ್ನು ಬೈದರು.

ಅವರ ಅಂಗಡಿಯೆಂದರೆ ಮಹಡಿ ಮೆಟ್ಟಿಲ ಕೆಳಗಿನ ಒಂದು ಕೋಣೆ. ಒಂದು ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಮೂಲೆಯಲ್ಲಿ ಶಾಲಾ ಸಮವಸ್ತ್ರದ ಗಂಟುಗಳು. ಬಾಗಿಲ ಚೌಕಟ್ಟಿನ ತುಂಬ ಪೆನ್ಸಿಲ್ ಗೆರೆಗಳು. ಅಳತೆ ಕೊಡಲು ಬಂದ ಮಕ್ಕಳು ವರ್ಷಕ್ಕೆ ಎಷ್ಟು ಬೆಳೆದರು ಎಂದು ಗುರುತು ಹಾಕಿದ್ದು. ಎಲ್ಲಕ್ಕಿಂತ ಮೇಲಿನದು ಟೇಪಕ್ಕನದೇ ಗೆರೆ. ಅಂಗಡಿ ತೆರೆದ ದಿನ ಗಂಡ ಎಳೆದದ್ದು. ಗಂಡ ಈಗಿಲ್ಲ, ಗೆರೆ ಇದೆ.

ಪತ್ರಿಕೆಯಲ್ಲಿ ಕೆಲಸ ಮಾಡುವ ನಾನು ಪ್ಯಾಂಟಿನ ಅಂಚು ಮಡಿಸಿ ಹೊಲಿಸಿಕೊಳ್ಳಲು ಹೋಗಿದ್ದೆ. ಬಟ್ಟೆಯ ಮೇಲಿನ ದೂರು ಕೇಳಿ ಸಾಕಾಗಿ, "ಅಕ್ಕ, ಒಂದ್ಸಲ ಆ ಗೆರೆ ಹತ್ರ ನಿಂತ್ಕೊಳ್ಳಿ" ಎಂದೆ. ತಲೆಯ ಮೇಲೆ ಪುಸ್ತಕ ಇಟ್ಟು ನೋಡಿದರೆ ಗೆರೆ ಎರಡು ಇಂಚು ಮೇಲಿತ್ತು.

"ಚೌಕಟ್ಟು ಬೆಳೆದಿದೆ ಬಿಡಿ" ಎಂದರು. ಇಬ್ಬರೂ ನಕ್ಕೆವು. ನಗು ಅರ್ಧಕ್ಕೇ ನಿಂತಿತು. ಬೆನ್ನು ನೋಯುತ್ತಿದೆ ಎಂದು ಅವರು ವರ್ಷದಿಂದ ಹೇಳುತ್ತಲೇ ಇದ್ದರು. ಅರವತ್ತನಾಲ್ಕಕ್ಕೆ ಯಾರಿಗೆ ನೋಯುವುದಿಲ್ಲ ಎಂದು ನಾವೆಲ್ಲ ಹೇಳುತ್ತಲೇ ಇದ್ದೆವು.

ಎಕ್ಸ್‌ರೇ ತೆಗೆಸಿದರೆ, ಬೆನ್ನುಮೂಳೆಯ ಎರಡು ಮಣಿಗಳು ಒಳಗೊಳಗೇ ಮುರಿದು ಕುಸಿದಿದ್ದವು. ಮೂಳೆ ಸವೆತ. ಡಾಕ್ಟರು ವಾರಕ್ಕೊಂದರಂತೆ ಒಂದು ಮಾತ್ರೆ, ಜೊತೆಗೆ ಕ್ಯಾಲ್ಸಿಯಂ ಮತ್ತು ಡಿ ವಿಟಮಿನ್ ಬರೆದರು. "ಬೆಳಗ್ಗೆ ಖಾಲಿ ಹೊಟ್ಟೇಲಿ" ಎಂದರು, ಮುಂದಿನವರನ್ನು ಕರೆದರು. ಟೇಪಕ್ಕ ಒಂದು ಗುಂಡಿ ಹೊಲಿಯಲು ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ.

ಅದೇ ಸಂಜೆ ಟೇಪಕ್ಕನ ಗಂಡನ ತಂಗಿ ಮಹಡಿ ಮೇಲಿನ ಮನೆಗೆ ಹತ್ತಿ ಬಂದಳು. ಕೈಯಲ್ಲಿ ಪುಡಿ ತುಂಬಿದ ದೊಡ್ಡ ಡಬ್ಬಿ. ಆಕೆ ಅದನ್ನು ಮನೆಮನೆಗೆ ಮಾರುತ್ತಾಳೆ. ಡಾಕ್ಟರಂತೆ ಎರಡು ನಿಮಿಷವಲ್ಲ, ಎರಡು ಗಂಟೆ ಕೂತಳು.

"ಅತ್ತಿಗೆ, ಆ ಮಾತ್ರೆ ಮುಟ್ಟಬೇಡಿ. ದವಡೆ ಕೊಳೆಯುತ್ತಂತೆ. ಇದು ನೋಡಿ, ಸಮುದ್ರದ ಚಿಪ್ಪು, ಬೇರು, ಹದಿನೇಳು ಥರ ಸತ್ವ."

"ಚಿಪ್ಪು ತಿಂದ್ರೆ ಬೆನ್ನು ನೆಟ್ಟಗಾಗುತ್ತಾ? ಆಮೆ ಬೆನ್ನು ನೋಡಿದೀಯಾ?"

"ನಗಿ ನೀವು. ನನ್ನ ಮಂಡಿನೋವು ಹೋಗ್ಲಿಲ್ವಾ?"

"ಹೋಗಿದ್ರೆ ನಾಲ್ಕನೇ ಮೆಟ್ಟಿಲಲ್ಲಿ ಯಾಕೆ ಕೂತಿದ್ದೆ ಈಗ?"

ಹೀಗೆ ಕಾಲೆಳೆದರೂ ಟೇಪಕ್ಕ ಡಬ್ಬಿ ಇಟ್ಟುಕೊಂಡರು. ಅಣ್ಣ ಹೋದ ಮೇಲೆ ಅತ್ತಿಗೆಯ ಜೊತೆ ಒಂದು ತಿಂಗಳು ಮಲಗಿದವಳು ಈ ನಾದಿನಿ. ಅವಳು ಕೊಟ್ಟದ್ದನ್ನು ಹೇಗೆ ತಳ್ಳುವುದು? ನನಗೂ ಆಕೆಯ ಮೇಲೆ ಸಿಟ್ಟಿಲ್ಲ. ತಾನೂ ನಂಬಿ ಕುಡಿಯುತ್ತಾಳೆ. ಅರ್ಧ ದಿನದ ಸಭೆಯಲ್ಲಿ ಕೂರಿಸಿ, ಚಪ್ಪಾಳೆ ತಟ್ಟಿಸಿ, ಆಕೆಯ ತಲೆಗೆ ದವಡೆಯ ಭಯ ತುಂಬಿ ಬೀದಿಗೆ ಕಳಿಸಿದವರ ಮೇಲೆ ನನ್ನ ಸಿಟ್ಟು. ಇನ್ನೊಂದು ಸಿಟ್ಟು ಡಾಕ್ಟರರ ಆ ಎರಡು ನಿಮಿಷದ ಮೇಲೆ. ಗೊತ್ತಿದ್ದವರು ಬಾಯಿ ಬಿಡದಿದ್ದರೆ ಗೊತ್ತಿಲ್ಲದವರ ಮಾತೇ ಮನೆಯೊಳಗೆ ಕೂರುತ್ತದೆ.

ಟೇಪಕ್ಕ ಇಬ್ಬರ ಮನಸ್ಸನ್ನೂ ಉಳಿಸುವ ದಾರಿ ಹುಡುಕಿದರು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಡಾಕ್ಟರರ ಮಾತ್ರೆ, ಅದನ್ನು ನುಂಗಲು ನಾದಿನಿಯ ಪುಡಿ ಕಲಸಿದ ಹಾಲು. ನುಂಗಿದವರೇ ಯಂತ್ರದ ಮುಂದೆ ಕೂತು ಬಗ್ಗಿ ಹೊಲಿಯತೊಡಗಿದರು. ಮೂರನೇ ವಾರಕ್ಕೆ ಎದೆಯಲ್ಲಿ ಬೆಂಕಿ ಬಿತ್ತು. "ನೋಡಿದ್ರಾ, ನಾನು ಹೇಳ್ಲಿಲ್ವಾ" ಎಂದಳು ನಾದಿನಿ. ಮಾತ್ರೆ ಕಪಾಟಿನ ಮೇಲೆ ಹೋಯಿತು, ಡಬ್ಬಿ ಉಳಿಯಿತು.

ಐದು ತಿಂಗಳು ಹಾಗೇ ನಡೆಯಿತು. ಶಾಲೆ ಶುರುವಾಗುವ ಮುಂಚಿನ ವಾರ ಸಮವಸ್ತ್ರದ ಗಂಟು ಎತ್ತಲು ಬಗ್ಗಿದಾಗ ಬೆನ್ನಲ್ಲಿ ಚಟ್ ಎಂದಿತು. ಮೂರನೆಯ ಮಣಿ. ಮೂರು ವಾರ ಯಂತ್ರದ ಮುಂದೆ ಕೂರಲಾಗಲಿಲ್ಲ. ಗೆರೆಯಿಂದ ಇನ್ನೂ ಅರ್ಧ ಇಂಚು ಕೆಳಗಿಳಿದರು.

ನೋಡಲು ಹೋದಾಗ ಗೋಡೆ ಕಡೆ ತಿರುಗಿ ಮಲಗಿದ್ದರು. "ಹೊಲಿಯೋಕಾಗದಿದ್ರೆ ನಾನೇನು ಮಾಡ್ಲಿ, ಪೇಪರಿನೋರೇ? ಮಲಗಿ ಸೂರು ಅಳೀಲಾ?" ಎಂದರು. ಮುಂದಿನ ಸಲ ಸೊಂಟ ಮುರಿದರೆ ಯಂತ್ರದ ಮುಂದಲ್ಲ, ಹಾಸಿಗೆಯಲ್ಲೇ ಉಳಿದೇನೋ ಎಂಬ ಭಯ ಆ ತಮಾಷೆಯ ಅಡಿಯಲ್ಲಿತ್ತು.

ನೋವಿನ ಮುಲಾಮಿಗೆಂದು ನಾನು ಬೀದಿ ಕೊನೆಯ ಔಷಧಿ ಅಂಗಡಿಗೆ ಹೋದೆ. ಅಂಗಡಿ ನಡೆಸುವ ಹೆಂಗಸು ಹಳೆಯ ಚೀಟಿ ನೋಡಿ, ಅಷ್ಟು ದಿನ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದಳು.

"ಈ ಮಾತ್ರೆ ಹೇಗೆ ತಗೊಂಡ್ರು?"

ಹೇಳಿದೆ. ಆಕೆ ಕನ್ನಡಕ ತೆಗೆದಿಟ್ಟಳು. "ಹಾಲಲ್ಲಿ ತಗೊಂಡ್ರೆ ಇದು ಮೈಗೆ ಹತ್ತೋದೇ ಇಲ್ಲ ಸರ್. ಒಂದು ದೊಡ್ಡ ಲೋಟ ಬರೀ ನೀರು. ಆಮೇಲೆ ಅರ್ಧ ಗಂಟೆ ಬೇರೇನೂ ತಿನ್ನೋ ಹಾಗಿಲ್ಲ, ಕುಡಿಯೋ ಹಾಗಿಲ್ಲ, ಮಲಗೋ ಹಾಗಿಲ್ಲ, ಬಗ್ಗೋ ಹಾಗಿಲ್ಲ. ಬಗ್ಗಿದ್ರೆ ಅನ್ನನಾಳ ಸುಡುತ್ತೆ. ಕ್ಯಾಲ್ಸಿಯಂ ಮಧ್ಯಾಹ್ನ, ಊಟದ ಜೊತೆ. ಆದ್ರೆ ಮೊದಲು ಡಾಕ್ಟರ್ ಹತ್ರ ವಾಪಸ್ ಕರ್ಕೊಂಡು ಹೋಗಿ. ಎದೆ ಉರಿದಿದ್ದು ಹೇಳಿ. ಮಾತ್ರೆ ಒಗ್ಗದಿದ್ರೆ ಇಂಜೆಕ್ಷನ್ ಇದೆ."

ಈ ಮಾತು ಮುಗಿಯಲು ಒಂದು ನಿಮಿಷ ಸಾಕಾಯಿತು. ಈ ಒಂದು ನಿಮಿಷ ಆರು ತಿಂಗಳ ಹಿಂದೆ ಸಿಕ್ಕಿದ್ದರೆ?

ಟೇಪಕ್ಕ ಎದ್ದು ಕೂರುವಂತಾದ ದಿನ ಆಸ್ಪತ್ರೆಗೆ ಹೋದೆವು. ನಾದಿನಿಯೂ ಬಂದಳು, ಡಬ್ಬಿ ಹಿಡಿದುಕೊಂಡೇ. ಡಾಕ್ಟರು ಈ ಸಲ ಎಲ್ಲ ಕೇಳಿದರು. ಎದೆಯುರಿ ನಿಂತು ಎಷ್ಟು ದಿನವಾಯಿತು, ನುಂಗಲು ತೊಂದರೆ ಇದೆಯಾ, ಹಲ್ಲು ಕೀಳಿಸುವುದೇನಾದರೂ ಇದೆಯಾ. ನಾದಿನಿ ದವಡೆಯ ವಿಷಯ ಎತ್ತಿದಳು.

"ಆಗಬಹುದು, ಆದ್ರೆ ತುಂಬಾ ಅಪರೂಪ" ಎಂದರು. "ಅದಕ್ಕೇ ಹಲ್ಲು ಕೇಳಿದ್ದು. ಇವರಿಗೆ ಇನ್ನೊಂದು ಮೂಳೆ ಮುರಿಯೋದು ಅಪರೂಪ ಅಲ್ಲಮ್ಮ. ಆಗಲೇ ಮೂರಾಯ್ತು." ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ ಓದಿದರು. ಬಹುಪಾಲು ಸಕ್ಕರೆ, ಸ್ವಲ್ಪ ಕ್ಯಾಲ್ಸಿಯಂ. ಆಮೇಲೆ ಪೆನ್ನು ಕೆಳಗಿಟ್ಟು, "ಹೇಗೆ ತಗೋಬೇಕು ಅಂತ ನಾನು ಅವತ್ತೇ ಬಿಡಿಸಿ ಹೇಳಬೇಕಿತ್ತು" ಎಂದರು, ಅದೇ ಮಾತ್ರೆಯನ್ನು ಸರಿಯಾದ ಕ್ರಮದಲ್ಲಿ ಮತ್ತೆ ಶುರುಮಾಡಲು ಹೊಸ ಚೀಟಿ ಬರೆದುಕೊಟ್ಟರು. ಜಗಳಕ್ಕೆಂದು ಮಾತು ಜೋಡಿಸಿಕೊಂಡು ಹೋಗಿದ್ದ ನಾನು ಆ ಚೀಟಿ ಮಡಿಸಿ ಜೇಬಿಗಿಟ್ಟುಕೊಂಡೆ.

ದಾರಿಯಲ್ಲಿ ನಾದಿನಿ ಮುಖ ಸಣ್ಣದು ಮಾಡಿಕೊಂಡು ನಡೆಯುತ್ತಿದ್ದಳು. ಟೇಪಕ್ಕ ಅವಳ ತೋಳು ಹಿಡಿದರು.

"ಬೇಜಾರು ಮಾಡ್ಕೋಬೇಡ ಕಣೇ. ಕ್ಯಾಲ್ಸಿಯಂ ಅಂದ್ರೆ ದಾರ. ದಾರ ಬೇಕು, ಇಲ್ಲ ಅಂದೋರ್ಯಾರು? ಆದ್ರೆ ನನ್ನೊಳಗೆ ಒಬ್ಬ ಕತ್ತರಿ ಹಿಡ್ಕೊಂಡು ಕೂತಿದಾನೆ. ನಾನು ಹೊಲಿಯೋದಕ್ಕಿಂತ ಬೇಗ ಕತ್ತರಿಸ್ತಾನೆ. ಅವನ ಕೈ ಹಿಡಿಯೋಕೆ ಮಾತ್ರೆ."

"ಡಬ್ಬಿ ಏನು ಮಾಡ್ಲಿ?"

"ಖಾಲಿ ಮಾಡಿ ಕೊಡು. ಗುಂಡಿ ಹಾಕಿಡ್ತೀನಿ."

ಹೋದ ಎರಡೂವರೆ ಇಂಚು ವಾಪಸ್ ಬರುವುದಿಲ್ಲ. ಅದು ಟೇಪಕ್ಕನಿಗೆ ಗೊತ್ತು. ಹೊಸ ಅಂಗಿಯನ್ನು ನಲವತ್ತೊಂಬತ್ತೂವರೆಗೆ ಕತ್ತರಿಸಿದ್ದಾರೆ. ಗಂಟು ಎತ್ತುವ ಕೆಲಸ ಈಗ ನಾದಿನಿಯದು.

ಕಳೆದ ಭಾನುವಾರ ಬೆಳಗ್ಗೆ ನಾನು ಪ್ಯಾಂಟಿನ ಬಟ್ಟೆ ಹಿಡಿದು ಹೋದೆ. ಮೇಜಿನ ಮೇಲೆ ಖಾಲಿ ಲೋಟ. ಟೇಪಕ್ಕ ಬಾಗಿಲಲ್ಲಿ ನೆಟ್ಟಗೆ ನಿಂತಿದ್ದರು, ಅವರಿಂದ ಆಗುವಷ್ಟು ನೆಟ್ಟಗೆ. ಸೊಂಟದ ಅಳತೆ ತೆಗೆದುಕೊಂಡರು, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಬರೆದರು, ಟೇಪು ಕೊರಳಿಗೆ ಹಾಕಿಕೊಂಡರು.

"ಕಾಲಿನ ಉದ್ದ?" ಎಂದೆ.

"ಅದಕ್ಕೆ ಬಗ್ಗಬೇಕು. ಈಗಾಗಲ್ಲ."

"ಆಫೀಸಿಗೆ ಹೊತ್ತಾಗುತ್ತೆ ಅಕ್ಕ."

"ಭಾನುವಾರ ಯಾವ ಆಫೀಸು? ನಿಂತಿರಿ ಸುಮ್ನೆ."

ಒಳಗೆ ಸಮವಸ್ತ್ರದ ಗಂಟಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದ ನಾದಿನಿ ತಲೆ ಎತ್ತದೆ ಹೇಳಿದಳು:

"ಇನ್ನೂ ಹನ್ನೊಂದು ನಿಮಿಷ."