ಇನ್ನೊಂದ್ಸಲ ಮೇಡಂಗೆ ಬಿದ್ದ ನಕ್ಷತ್ರಗಳು

ನಮ್ಮಕ್ಕನಿಗೆ ಶಾಲೆಯವರು ಒಂದು ಗಾಜಿನ ಫಲಕ ಕೊಟ್ಟಿದ್ದಾರೆ. ಮೇಲೆ ಬಂಗಾರದ ಬಣ್ಣದ ಐದು ನಕ್ಷತ್ರ, ಕೆಳಗೆ 'ಮಕ್ಕಳು ಮೆಚ್ಚಿದ ಶಿಕ್ಷಕಿ' ಎಂಬ ಬರಹ. ಅದು ಈಗ ನಮ್ಮ ಬಚ್ಚಲುಮನೆಯ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ನೆಲದ ಮೇಲೆ ಕೂತಿದೆ. ಅಲ್ಲಿಟ್ಟವಳು ಅಕ್ಕನೇ. ಅಮ್ಮ ಅದನ್ನು ತೊಳೆದು ಒರೆಸಿ ನಡುಮನೆಯ ಕಪಾಟಿನಲ್ಲಿ ಇಟ್ಟಾಗಲೆಲ್ಲ ಅದು ಮತ್ತೆ ಬಚ್ಚಲಿಗೆ ಹೋಗುತ್ತದೆ. ಮನೆಗೆ ಬಂದವರು ನೋಡಿ "ಎಂಥ ಕೊಬ್ಬು" ಅನ್ನುತ್ತಾರೆ. ಅನ್ನಲಿ. ಆ ಫಲಕ ಹೇಗೆ ಬಂತು ಅಂತ ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು. ಅದೇ ಶಾಲೆಯಲ್ಲಿ ಅಕ್ಕ ದೊಡ್ಡ ಮಕ್ಕಳಿಗೆ ಗಣಿತ ಹೇಳುತ್ತಾಳೆ, ನಾನು ಚಿಕ್ಕವರಿಗೆ ಓದು ಬರಹ ಕಲಿಸುತ್ತೇನೆ. ನಮ್ಮಿಬ್ಬರ ತರಗತಿಗಳ ನಡುವೆ ಇರುವುದು ಒಂದು ಮರದ ಹಲಗೆ ಅಷ್ಟೆ.

ಮೊದಲೇ ಹೇಳಿಬಿಡುತ್ತೇನೆ, ಅಕ್ಕ ಹುಟ್ಟಾ ಒಳ್ಳೆಯ ಟೀಚರೇನೂ ಅಲ್ಲ. ಶುರುವಿನ ವರ್ಷಗಳಲ್ಲಿ ಅವಳ ಪಾಠ ಅಂದರೆ ಕುದುರೆ ಓಟ. ಮುಖ ಬೋರ್ಡಿಗೆ, ಬೆನ್ನು ಮಕ್ಕಳಿಗೆ, ಒಂದು ಕೈಯಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ಡಸ್ಟರು. ಬರೆದು ಮುಗಿಯುವ ಮೊದಲೇ ಅಳಿಸುವುದು ಶುರು. "ಅರ್ಥ ಆಯ್ತಾ?" ಅಂತ ಅವಳು ಕೇಳುವುದೂ "ಆಯ್ತೂ ಮೇಡಂ" ಅಂತ ಮಕ್ಕಳು ರಾಗ ಎಳೆಯುವುದೂ ಹಲಗೆಯ ಈಚೆ ನನಗೆ ದಿನಾ ಕೇಳಿಸುತ್ತಿತ್ತು. ಪರೀಕ್ಷೆ ಬಂದರೆ ಅರ್ಧ ತರಗತಿ ಮುಗ್ಗರಿಸುತ್ತಿತ್ತು. "ಗೋಡೆಗೆ ಹೇಳಿದ್ರೂ ಇಷ್ಟೊತ್ತಿಗೆ ಕಲ್ತಿರ್ತಿತ್ತು ಕಣೇ!" ಅಂತ ಅವಳು ಮನೆಗೆ ಬಂದು ಕೂಗಾಡುತ್ತಿದ್ದಳು.

ಒಮ್ಮೆ ಅವಳ ಗಂಟಲು ಕಟ್ಟಿಕೊಂಡಿತು. ಪಿಸುಮಾತೂ ಹೊರಡದು. ರಜೆ ಹಾಕುವ ಜಾಯಮಾನ ಅವಳದಲ್ಲ. ತರಗತಿಯ ಜಾಣೆ ಅನ್ನಿಸಿಕೊಂಡ ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟು, ಹಿಂದಿನ ದಿನದ ಲೆಕ್ಕವನ್ನು ಎಲ್ಲರಿಗೂ ಬಿಡಿಸಿ ಹೇಳು ಅಂತ ಸನ್ನೆ ಮಾಡಿ, ತಾನು ಕೊನೆಯ ಬೆಂಚಿನಲ್ಲಿ ಹೋಗಿ ಕೂತಳು. ಭಿನ್ನರಾಶಿಯ ಭಾಗಾಕಾರ. ಹುಡುಗಿ ಒಂದು ಗೆರೆ ತಪ್ಪದೆ ಮಾಡಿದಳು. ಮುಂದಿನ ಬೆಂಚಿನವನೊಬ್ಬ "ಎರಡನೇದನ್ನ ಯಾಕೆ ತಲೆಕೆಳಗು ಮಾಡ್ದೆ?" ಅಂತ ಕೇಳಿದ. "ಮೇಡಂ ಮಾಡಿದ್ರಲ್ಲ, ಅದಕ್ಕೆ" ಅಂದಳು ಅವಳು. ಅಕ್ಕನಿಗೆ ಮೈಯೆಲ್ಲ ಬೆವರು. ಅಷ್ಟೇ ಆಗಿದ್ದರೆ ಹೇಗೋ. ಕೊನೆಯ ಬೆಂಚಿನಿಂದ ನೋಡಿದರೆ ಕಿಟಕಿಯ ಬೆಳಕು ಹೊಡೆದು ಬೋರ್ಡಿನ ಎಡ ಅರ್ಧ ಬರೀ ಹೊಳಪು, ಒಂದಕ್ಷರ ಕಾಣದು. ಇಷ್ಟು ವರ್ಷ ಅವಳು ಬರೆದದ್ದೆಲ್ಲ ಆ ಎಡ ಅರ್ಧದಲ್ಲೇ.

ಆ ಸಂಜೆ ಅಕ್ಕ ಮನೆಯಲ್ಲಿ ಕೂಗಾಡಲಿಲ್ಲ. ಕೂಗಾಡಲು ಗಂಟಲೂ ಇರಲಿಲ್ಲ, ಮುಖವೂ ಇರಲಿಲ್ಲ.

ಗಂಟಲು ಬಿಟ್ಟ ಮೇಲೆ ಅವಳು ಹೊಸ ಪದ್ಧತಿ ತಂದಳು. ಪಾಠ ಮುಗಿದ ಕೂಡಲೇ ಎಲ್ಲರೂ ಡೆಸ್ಕಿನ ಮೇಲೆ ತಲೆಯಿಟ್ಟು, ಕಣ್ಣು ಮುಚ್ಚಿ, ಒಂದು ಕೈ ಮುಂದಕ್ಕೆ ಚಾಚಬೇಕು. ಅರ್ಥವಾಗಿದ್ದರೆ ಅಂಗೈ ಬಿಚ್ಚಿರಬೇಕು, ಆಗದಿದ್ದರೆ ಮುಷ್ಟಿ. ಪಕ್ಕದವರಿಗೆ ಕಾಣುವುದಿಲ್ಲ, ನಾಚಿಕೆಯ ಮಾತಿಲ್ಲ. ಮುಷ್ಟಿಗಳನ್ನು ನೋಡಿಕೊಂಡು ಅಕ್ಕ "ಇನ್ನೊಂದ್ಸಲ" ಅಂತ ಅದೇ ಲೆಕ್ಕವನ್ನು ಬೇರೆ ದಾರಿಯಿಂದ ಹೇಳುತ್ತಿದ್ದಳು. ಹಾಗಾಗಿ ಮಕ್ಕಳ ಬಾಯಲ್ಲಿ ಅವಳು ಇನ್ನೊಂದ್ಸಲ ಮೇಡಂ ಆದಳು. ಮೊದಮೊದಲು ಮುಷ್ಟಿ ಎಲ್ಲಿ ಬರುತ್ತದೆ? ಎಲ್ಲವೂ ಅಂಗೈಗಳೇ. ಗೊತ್ತಿಲ್ಲ ಅಂದವರಿಗೆ ಎಲ್ಲ ಕಡೆಯೂ ಬೈಗುಳವೇ ಸಿಕ್ಕಿರುವಾಗ ಇಲ್ಲಿ ಮಾತ್ರ ಯಾಕೆ ನಂಬುತ್ತಾರೆ? ಅರ್ಧ ವರ್ಷ ಹಿಡಿಯಿತು. ಕೊನೆಗೆ ಒಬ್ಬ ಹುಡುಗಿ ಮುಷ್ಟಿ ಹಿಡಿದಳು, ಅದೂ ಡೆಸ್ಕು ದಡ್ ಅನ್ನುವ ಹಾಗೆ. ಅಕ್ಕ ಅವಳನ್ನು ಗುದ್ದು ಅಂತ ಕರೆದಳು, ಅದೇ ಹೆಸರು ಉಳಿಯಿತು. ಗುದ್ದುವಿನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಮುಷ್ಟಿ ಹಿಡಿದರು.

ಕೈ ತೋರಿಸುವುದು ರೂಢಿಯಾದ ಮೇಲೆ ಬಾಯಿ ಬಂತು. ಒಂದು ದಿನ ಗುದ್ದು ಎದ್ದು ನಿಂತು ಹೇಳಿದಳು: "ಮೇಡಂ, ನೀವು 'ಇದು ತುಂಬಾ ಸುಲಭ' ಅಂತೀರಲ್ಲ, ಆಮೇಲೆ ನಂಗೆ ಕೇಳೋಕೆ ಭಯ ಆಗುತ್ತೆ. ಸುಲಭದ್ದೇ ಬರಲ್ಲ ಅಂದ್ರೆ ನಾನು ದಡ್ಡಿ ಅಂತ ತಾನೇ?"

ಮಗುವಿನ ಬಾಯಲ್ಲಿ ತನ್ನ ತಪ್ಪು ಹೇಳಿಸಿಕೊಳ್ಳುವುದು ಎಷ್ಟು ಚುರುಕ್ ಅನ್ನುತ್ತದೆ ಅಂತ ಪಾಠ ಹೇಳುವವರನ್ನೇ ಕೇಳಬೇಕು. ಅಕ್ಕನ ಕೆನ್ನೆ ಕೆಂಪಾಯಿತಂತೆ. ಆದರೆ ಅಂದಿನಿಂದ ಆ ಪದ ಅವಳ ಬಾಯಲ್ಲಿ ಬಂದಿಲ್ಲ. ಮನೆಯಲ್ಲೂ ಬಿಡಲಿಲ್ಲ. ಬಿಗಿಯಾದ ಡಬ್ಬಿಯ ಮುಚ್ಚಳದ ಜೊತೆ ನಾನು ಗುದ್ದಾಡುತ್ತಿದ್ದರೆ ಅಮ್ಮ "ಕೊಡು ಇಲ್ಲಿ, ಸುಲಭ ಅದು" ಅಂದಳು. "ಅಮ್ಮಾ, ಆ ಮಾತು ಬೇಡ" ಅಂದಳು ಅಕ್ಕ. "ಇವತ್ತು ಈ ಮಾತು, ನಾಳೆ ಅನ್ನ ನೀರು ಅನ್ನೋದನ್ನೂ ಬಿಡಿಸ್ತಾಳೆ ಮಹಾತಾಯಿ" ಅಂತ ಅಮ್ಮ ಗೊಣಗಿದಳು. ಅಕ್ಕನ ತರಗತಿಯಲ್ಲಿ ಮುಗ್ಗರಿಸುವವರು ಪರೀಕ್ಷೆಯಿಂದ ಪರೀಕ್ಷೆಗೆ ಕಡಿಮೆಯಾದರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಅವಳಿಗೆ ಬೇಕೂ ಇರಲಿಲ್ಲ.

ಆಮೇಲೆ ಬಂದರು ನಮ್ಮ ಹೊಸ ಪ್ರಿನ್ಸಿಪಾಲರು. ಕೂತರೆ ಪ್ಯಾಂಟಿನ ಗೆರೆ ಕೆಡುತ್ತದೆ ಅಂತ ನಿಂತೇ ಮೀಟಿಂಗ್ ನಡೆಸುವವರು. ಸ್ಟಾಫ್ ರೂಮಿನಲ್ಲಿ ಅವರ ಹೆಸರು ಇಸ್ತ್ರಿ ಸಾರ್. ಎಲ್ಲೋ ತರಬೇತಿಗೆ ಹೋಗಿಬಂದು ಘೋಷಿಸಿದರು: "ಇನ್ಮೇಲೆ ಮಕ್ಕಳ ಅಭಿಪ್ರಾಯವೇ ನಮ್ಮ ದಾರಿದೀಪ." ಮೊದಲು ಚಪ್ಪಾಳೆ ತಟ್ಟಿದವಳು ನಮ್ಮಕ್ಕ! ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ದಾರಿದೀಪ ಅಂದರೆ ಇಷ್ಟೇ. ಮಕ್ಕಳು ಕಂಪ್ಯೂಟರ್ ರೂಮಿಗೆ ಹೋಗಿ ಪ್ರತಿ ಟೀಚರಿಗೆ ಒಂದರಿಂದ ಐದರವರೆಗೆ ನಕ್ಷತ್ರ ಒತ್ತಬೇಕು. ಮೂರಕ್ಕಿಂತ ಕೆಳಗೆ ಬಂದವರ ಗುತ್ತಿಗೆಯನ್ನು ಮುಂದಿನ ವರ್ಷಕ್ಕೆ ಮುಂದುವರಿಸುವುದಿಲ್ಲ. ಅಕ್ಕನದೂ ನನ್ನದೂ ವರ್ಷ ವರ್ಷದ ಗುತ್ತಿಗೆಯೇ. ಮನೆ ಬಾಡಿಗೆ, ಅಮ್ಮನ ಔಷಧಿ ಎಲ್ಲ ನಿಂತಿರುವುದು ಅಕ್ಕನ ಸಂಬಳದ ಮೇಲೆ. ನನ್ನ ಸಂಬಳ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ.

ನಮ್ಮಲ್ಲಿ ಬೆತ್ತದ ಮೇಷ್ಟ್ರು ಅಂತ ಒಬ್ಬರಿದ್ದಾರೆ. ಇತಿಹಾಸದ ನೋಟ್ಸು ಓದಿ ಬರೆಸಿ, ಉಳಿದ ಹೊತ್ತು ಕುರ್ಚಿಯಲ್ಲಿ ತೂಕಡಿಸುತ್ತಾರೆ. ಅವರು ಕಂಪ್ಯೂಟರ್ ರೂಮಿನಲ್ಲಿ ಮಕ್ಕಳ ಬೆನ್ನ ಹಿಂದೆ ಕೈಕಟ್ಟಿ ಅಡ್ಡಾಡಿದರು. ಬಿದ್ದವು ನೋಡಿ, ಎಲ್ಲರಿಂದಲೂ ಐದೈದು. ಅಕ್ಕ ರೂಮಿನ ಹೊರಗೆ ನಿಂತಿದ್ದಳು. ತಾನು ಎದುರಿದ್ದರೆ ಮಕ್ಕಳು ನಿಜ ಒತ್ತಲಾರರು ಅಂತ ಅವಳ ಲೆಕ್ಕ. ಮಕ್ಕಳು ನಿಜವನ್ನೇ ಒತ್ತಿದರು. ಅವಳಿಗೆ ಮೂರೂ ಬರಲಿಲ್ಲ.

ಕಾರಿಡಾರಿನಲ್ಲಿ ಗುದ್ದು ತಾನಾಗೇ ಬಂದು ಹೇಳಿದಳು: "ಮೇಡಂ, 'ಪಾಠ ಪೂರ್ತಿ ಅರ್ಥವಾಗುತ್ತದೆಯೇ' ಅಂತ ಕೇಳಿದ್ರು. ಭಿನ್ನರಾಶಿ ನಂಗಿನ್ನೂ ಪೂರ್ತಿ ಬಂದಿಲ್ಲ ಅಲ್ವಾ? ಎರಡೇ ಕೊಟ್ಟೆ."

"ಸರಿಯಾಗೇ ಕೊಟ್ಟಿದೀಯ. ನಾಳೆ ಇನ್ನೊಂದ್ಸಲ ಮಾಡೋಣ" ಅಂತ ಅಕ್ಕ ನಕ್ಕಳು.

ನಾನು ನಗಲಿಲ್ಲ. ಇದೆಂಥ ನ್ಯಾಯ? ಹೆದರಿಸಿದವನಿಗೆ ಐದು, ಹೆದರಿಕೆ ಬಿಡಿಸಿದವಳಿಗೆ ಎರಡು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ.

ಇಸ್ತ್ರಿ ಸಾರ್ ಅಕ್ಕನನ್ನು ಕರೆಸಿದರು. ಸಹಿ ಹಾಕಿಸುವುದಿದ್ದ ನಾನೂ ಬಾಗಿಲಲ್ಲೇ ಇದ್ದೆ.

"ನೀವೊಬ್ರೇ ಮೇಡಂ ನಮ್ಮ ಶಾಲೆ ಸರಾಸರೀನ ಕೆಳಗೆ ಎಳೀತಿರೋದು. ಆಡಳಿತದವ್ರಿಗೆ ನಾನೇನು ಹೇಳ್ಲಿ?"

"ಯಾವ ಪಾಠ ಅರ್ಥ ಆಗ್ಲಿಲ್ಲ ಅಂತ ಮಕ್ಕಳನ್ನ ಕೇಳಿದ್ರಾ ಸಾರ್? ಅದನ್ನ ಹೇಳಿ, ನಾನು ಸರಿ ಮಾಡ್ಕೋತೀನಿ."

"ಅದನ್ನೆಲ್ಲ ಯಾಕ್ ಕೇಳ್ತಾರೆ? ಬರೀ ನಕ್ಷತ್ರ."

"ಹಾಗಾದ್ರೆ ಅದನ್ನಿಟ್ಕೊಂಡು ನಾನೇನು ಮಾಡ್ಲಿ?"

ಅವರು ಅಂಗಿಯ ತೋಳಿನ ಮೇಲಿಲ್ಲದ ಧೂಳು ಕೊಡವಿದರು. "ಮುಂದಿನ ವಾರ ಇನ್ನೊಂದು ಸುತ್ತು ಇಡಿಸ್ತೀನಿ, ನಿಮಗೋಸ್ಕರ. ಮಕ್ಕಳಿಗೆ ಒಂದು ಮಾತು ಹೇಳಿ ಸಾಕು. ಏನು ಅಂತ ನಿಮಗೇ ಗೊತ್ತಿದೆ."

ಮನೆಯಲ್ಲಿ ಆ ದಿನ ಜಗಳವೋ ಜಗಳ. ನಾನೂ ಅದನ್ನೇ ಹೇಳಿದೆ: "ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗುತ್ತಕ್ಕಾ?"

"ಆ ಕೈಗಳು ಮುಷ್ಟಿ ಹಿಡಿಯೋಕೆ ಅರ್ಧ ವರ್ಷ ಹಿಡೀತು ಕಣೇ. ಅದೇ ನನ್ನ ಗಂಟು" ಅಂದಳು. ಅಮ್ಮ ಔಷಧಿಯ ಸೀಸೆಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದಳು. ಅಕ್ಕ ಮಕ್ಕಳಿಗೆ ಏನೂ ಹೇಳಲಿಲ್ಲ.

ಎರಡನೇ ಸುತ್ತಿನಲ್ಲಿ ಅಕ್ಕನಿಗೆ ಎಲ್ಲರಿಂದಲೂ ಐದೈದು ಬಿದ್ದವು. ಬೆತ್ತದ ಮೇಷ್ಟ್ರ ಹಾಗೆಯೇ, ಒಂದೂ ಕಡಿಮೆಯಿಲ್ಲ. ಅಂಗಳದಲ್ಲಿ ಎಲ್ಲರ ಮುಂದೆ ಇಸ್ತ್ರಿ ಸಾರ್ ಆ ಗಾಜಿನ ಫಲಕ ಕೊಟ್ಟು, "ಮಕ್ಕಳ ಮಾತು ಕೇಳಿ ತಿದ್ದಿಕೊಂಡವರು" ಅಂತ ಹೊಗಳಿದರು. ಅಕ್ಕ ಫಲಕವನ್ನು ಕಂಕುಳಲ್ಲಿ ಇರುಕಿಕೊಂಡು ನೇರ ತರಗತಿಗೆ ನಡೆದಳು. ನನ್ನ ಮಕ್ಕಳಿಗೆ ಆಟದ ಪೀರಿಯಡ್ಡು. ನನಗೂ ತಡೆಯಲಾಗಲಿಲ್ಲ, ಹಿಂದೆಯೇ ಹೋಗಿ ಅವಳ ಬಾಗಿಲಲ್ಲಿ ನಿಂತೆ.

ಅವಳು ಬೋರ್ಡಿನ ಬಲಗಡೆ ಭಿನ್ನರಾಶಿಯ ಲೆಕ್ಕವನ್ನೇ ಬರೆದಳು. ಅರ್ಧವನ್ನು ಕಾಲಿನಿಂದ ಭಾಗಿಸಬೇಕು. ಅರ್ಧ ಹಾಳೆಯಲ್ಲಿ ಕಾಲು ಹಾಳೆ ಎರಡು ಸಲ ಕೂರುತ್ತದೆ ಅಂತ ಆ ಮಕ್ಕಳು ತಮ್ಮ ಕೈಯಾರೆ ಕಾಗದ ಮಡಚಿ ನೋಡಿದ್ದರು. ಅಕ್ಕ ಬೇಕೆಂದೇ ಮೊದಲನೆಯದನ್ನು ತಲೆಕೆಳಗು ಮಾಡಿ ಉತ್ತರ ಅರ್ಧ ಅಂತ ಬರೆದಳು. "ತಲೆ ಇಡಿ. ಕಣ್ಣು ಮುಚ್ಚಿ. ಕೈ ತೋರ್ಸಿ."

ಎಲ್ಲ ಅಂಗೈಗಳೂ ಬಿಚ್ಚಿದ್ದವು.

"ಗುದ್ದು, ಎದ್ದೇಳು. ಲೆಕ್ಕ ಹೇಗಿತ್ತು?"

ಹುಡುಗಿ ಎದ್ದಳು. ಬೋರ್ಡು ನೋಡಿದಳು. ತಪ್ಪು ಅವಳಿಗೆ ಕಂಡಿತು, ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. "ತುಂಬಾ ಸುಲಭ ಇತ್ತು ಮೇಡಂ" ಅಂದಳು.

ಅಕ್ಕನ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. "ಯಾರು ಹೇಳ್ಕೊಟ್ರು?"

ಗುದ್ದುವಿನ ಕಣ್ಣು ತುಂಬಿಕೊಂಡಿತು. "ಪ್ರಿನ್ಸಿಪಾಲ್ ಸಾರ್ ಬಂದಿದ್ರು, ನೀವು ಜೆರಾಕ್ಸ್ ತರೋಕೆ ಹೋದಾಗ. 'ಅರ್ಥ ಆಗ್ಲಿಲ್ಲ ಅಂತ ನೀವು ಹೇಳ್ತಾ ಇದ್ರೆ ನಿಮ್ಮ ಮೇಡಂನ ಮನೆಗೆ ಕಳಿಸ್ತಾರೆ' ಅಂದ್ರು. ಆ ಎರಡು ನಕ್ಷತ್ರದಿಂದಾನೇ ಹೀಗಾಗಿದ್ದು ಅಂದ್ರು. ನಾನು ಕೊಟ್ಟಿದ್ದೇ ಎರಡು ಮೇಡಂ."

ಆಮೇಲೆ ಅಕ್ಕ ಪ್ರಿನ್ಸಿಪಾಲರ ಕೋಣೆಗೆ ಹೋದ ರಭಸಕ್ಕೆ ಬಾಗಿಲ ಬಳಿಯ ಕುರ್ಚಿ ಉರುಳಿತು. ಅವಳ ದನಿ ಕಾರಿಡಾರಿನ ತುದಿಯವರೆಗೂ ಕೇಳಿಸಿತು.

"ನಿಮ್ಮ ಕೆಲ್ಸ ಉಳೀತಲ್ಲಮ್ಮಾ! ಇನ್ನೇನು ಬೇಕು ನಿಮಗೆ?" ಅಂತ ಇಸ್ತ್ರಿ ಸಾರ್ ಕೇಳುತ್ತಿದ್ದರು. ಪಾಪ, ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ನನ್ನ ಮುಷ್ಟಿಗಳು ಬೇಕು ಸಾರ್. ತಂದ್ಕೊಡಿ."

ಅವರು ಎಲ್ಲಿಂದ ತಂದುಕೊಟ್ಟಾರು? ನೆಗಡಿ ಬಂತು ಅಂತ ಮೂಗು ಕೊಯ್ದವರು ಅವರು. "ಸುಮ್ನೆ ರಂಪ ಮಾಡ್ಬೇಡಿ" ಅಂದರು, ಅಷ್ಟೆ.

ಅಕ್ಕ ಕೆಲಸ ಬಿಡಲಿಲ್ಲ. ಬಿಟ್ಟರೆ ಅಮ್ಮನ ಔಷಧಿಗೆ ಏನು ಮಾಡುವುದು? ಅದಕ್ಕಿಂತ ಹೆಚ್ಚಾಗಿ, ತಮ್ಮಿಂದಲೇ ಮೇಡಂ ಹೋದರು ಅಂತ ಮಕ್ಕಳು ಆ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು ಬಿಡುತ್ತಾರೆ. "ನನ್ನ ಕೆಲ್ಸದ ಚಿಂತೆ ನಿಮಗೆ ಬೇಡ್ರೋ" ಅಂತ ಅವಳು ದಿನಾ ಹೇಳುತ್ತಾಳೆ. ತಪ್ಪು ಲೆಕ್ಕ ಬರೆಯುತ್ತಾಳೆ, ಸರಿ ಲೆಕ್ಕ ಬರೆಯುತ್ತಾಳೆ, ಯಾರೂ ಕೇಳದಿದ್ದರೂ ಇನ್ನೊಂದ್ಸಲ ಹೇಳುತ್ತಾಳೆ. ಹಲಗೆಯ ಈಚೆ ನನಗೆ ಮತ್ತೆ ಆ ಹಳೆಯ ರಾಗ ಕೇಳಿಸುತ್ತದೆ, ಆಯ್ತೂ ಮೇಡಂ. ಕೇಳಿದಾಗಲೆಲ್ಲ ಬಚ್ಚಲಿನ ಆ ಫಲಕವನ್ನು ಎತ್ತಿ ಕುಕ್ಕಬೇಕು ಅನ್ನಿಸುತ್ತದೆ.

ಮೊನ್ನೆ ಅವಳ ಬಾಗಿಲ ಮುಂದೆ ಹಾದುಹೋಗುವಾಗ ಇಣುಕಿದೆ. ತಲೆಗಳು ಡೆಸ್ಕಿನ ಮೇಲಿದ್ದವು, ಕೈಗಳು ಮುಂದೆ ಚಾಚಿದ್ದವು. ಗುದ್ದುವಿನ ನಾಲ್ಕು ಬೆರಳು ಮಡಚಿದ್ದವು, ಹೆಬ್ಬೆರಳು ಮಾತ್ರ ಇನ್ನೂ ಹೊರಗೇ ಇತ್ತು. ಅಕ್ಕ ಅದನ್ನೇ ನೋಡುತ್ತಾ ನಿಂತಿದ್ದಳು. ಕಾರಿಡಾರಿನ ಆ ತುದಿಯಲ್ಲಿ ಇಸ್ತ್ರಿ ಸಾರ್ ಅವರ ಬೂಟಿನ ಸದ್ದು ಕೇಳಿತು, ಹುಡುಗಿಯ ಕೈ ಬಿಚ್ಚಿಕೊಂಡಿತು.